ಕೌಂಟಬಲ್, ಅನ್‌ಕೌಂಟಬಲ್ ನೌನ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗಾಗಿ ಇಂಗ್ಲಿಷ್ ನಾಮಪದಗಳ ಮೇಲೆ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು, ಎರಡು ಅಂತ ಎಣಿಸಿ ಬಹುವಚನ ಮಾಡಬಹುದಾದ ಕೌಂಟಬಲ್, ಹಾಗೆ ಮಾಡಲಾಗದ ಅನ್‌ಕೌಂಟಬಲ್, ಇವುಗಳ ಹತ್ತಿರ ಬಂದು ಪೆನ್ನು ನಿಂತಿದೆ.

ಉಳಿದವು ಹೇಗೋ ಸಾಗುತ್ತವೆ. ಪ್ರಾಪರ್ ನೌನ್‌ಗೆ ಅಂಕಿತನಾಮ ಇದೆ. ಕಾಮನ್ ನೌನ್‌ಗೆ ರೂಢನಾಮ ಅನ್ನಬಹುದು, ಆದರೆ ವ್ಯಾಪಾರಿ, ಶಿಕ್ಷಕ, ರೋಗಿಯಂಥ ನಮ್ಮ ಅನ್ವರ್ಥನಾಮಗಳೂ (ವೃತ್ತಿ, ಸ್ಥಿತಿಯಿಂದ ಬಂದ ಹೆಸರುಗಳೂ) ಇಂಗ್ಲಿಷಿನಲ್ಲಿ ಅದೇ ಗುಂಪಿಗೆ ಸೇರುತ್ತವೆ ಅಂತ ಒಂದು ಮಾತು ಹೇಳಬೇಕು. ಆಬ್‌ಸ್ಟ್ರಾಕ್ಟ್‌ಗೆ ಭಾವನಾಮ ಸರಿ. ಮಕ್ಕಳು ಅದನ್ನು ಬರೀ ಸಿಟ್ಟು, ಖುಷಿ ಅಂದುಕೊಳ್ಳದಂತೆ ಬಿಳುಪು, ಓಟ, ನೋಟ ಎಲ್ಲವನ್ನೂ ತೋರಿಸಿದರಾಯಿತು.

ನಿಜವಾದ ತೊಡಕು ಎಣಿಕೆಯದು. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಐದು ವಿಧಗಳಲ್ಲಿ, ಅಂದರೆ ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರಾಕ್ಟ್‌ಗಳಲ್ಲಿ, ಇದಕ್ಕೆ ಜಾಗವೇ ಇಲ್ಲ. ಮಕ್ಕಳು ತಪ್ಪು ಮಾಡುವುದು ಮಾತ್ರ ಹೆಚ್ಚಾಗಿ ಇಲ್ಲೇ. ಕುರ್ಚಿ, ಮೇಜು ಎಲ್ಲವನ್ನೂ ಬೆರಳು ಮಡಚಿ ಎಣಿಸಬಹುದು, ಆದರೂ ಫರ್ನಿಚರ್ಸ್ ಅನ್ನುವ ಹಾಗಿಲ್ಲ. ಲಗೇಜ್, ಅಡ್ವೈಸ್, ಇನ್ಫರ್ಮೇಶನ್ ಕೂಡ ಹಾಗೇ. ನ್ಯೂಸ್ ಕೊನೆಗೆ ಎಸ್ ಇದ್ದರೂ ಏಕವಚನ, ಪೊಲೀಸ್ ಕೊನೆಗೆ ಎಸ್ ಇಲ್ಲದಿದ್ದರೂ ಬಹುವಚನ.

ನಮಗೇ ಇದು ಜಾಸ್ತಿ ಕಷ್ಟವಾಗಲು ಕನ್ನಡದಲ್ಲೂ ಕಾರಣ ಇದೆ ಅನ್ನಿಸುತ್ತದೆ. ಮನುಷ್ಯರಾದರೆ ಇಬ್ಬರು ಹುಡುಗರು ಅನ್ನಲೇಬೇಕು. ವಸ್ತುಗಳಿಗೆ ಆ ಕಟ್ಟುಪಾಡಿಲ್ಲ: ಹತ್ತು ಪುಸ್ತಕ, ನಾಲ್ಕು ಮರ, ಗಳು ಬೇಕಿಲ್ಲ. ಮೂರು ಲಗೇಜ್ ಇದೆ ಸಾರ್, ಅಂದರೆ ಕನ್ನಡದಲ್ಲಿ ಏನೂ ತಪ್ಪಿಲ್ಲ, ಅದನ್ನೇ ಇಂಗ್ಲಿಷ್‌ಗೆ ಹೊತ್ತುಕೊಂಡು ಹೋಗಿ ಎಸ್ ಸೇರಿಸಿದ ಕೂಡಲೇ ಮೇಷ್ಟ್ರು ಕೆಂಪು ಗೀರು ಎಳೆಯುತ್ತಾರೆ. ಹಾಗಂತ ಈ ಭೇದ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಅಕ್ಕಿಗಳು, ನೀರುಗಳು ಅಂತ ಯಾರೂ ಅನ್ನಲ್ಲ ಅಲ್ವಾ?

ಇನ್ನೊಂದು, ಒಂದೇ ಪದ ಎರಡೂ ಕಡೆ ಓಡಾಡುತ್ತದೆ. ಐರನ್ ಅಂದರೆ ಕಬ್ಬಿಣ, ಆನ್ ಐರನ್ ಅಂದರೆ ಇಸ್ತ್ರಿಪೆಟ್ಟಿಗೆ. ಗ್ಲಾಸ್ ಗಾಜು, ಎ ಗ್ಲಾಸ್ ಲೋಟ. ಕಾಫಿ ಎಣಿಸಲಾಗದ್ದು ಅಂತ ಪುಸ್ತಕ ಹೇಳುತ್ತದೆ, ಹೋಟೆಲಿನಲ್ಲಿ ಟೂ ಕಾಫೀಸ್ ಅಂತ ಇಂಗ್ಲಿಷಿನವರೇ ಕೇಳುತ್ತಾರೆ. ಬಟಾಣಿಯ ಕತೆ ಇನ್ನೂ ಮಜಾ. ಹಳೆಯ ಇಂಗ್ಲಿಷಿನವರ ಪೀಸ್ (pease) ಅನ್ನೋ ಪದ ಅಕ್ಕಿಯ ಹಾಗೆ ರಾಶಿಗೆ ಹೇಳುವ ಪದ. ಕೊನೆಯ ಸದ್ದು ಕೇಳಿ ಜನ ಅದನ್ನು ಬಹುವಚನ ಅಂದುಕೊಂಡು, ಒಂದು ಕಾಳಿಗೆ ಪೀ ಅಂತ ಹೊಸ ಪದವನ್ನೇ ಮಾಡಿಬಿಟ್ಟರು. ಹಾಗಾಗಿ ಎಣಿಕೆ ಇರುವುದು ಪದದ ಬಳಕೆಯಲ್ಲಿ, ವಸ್ತುವಿನಲ್ಲಿ ಅಲ್ಲ ಅನ್ನುವುದು ಹೆಸರಿನಲ್ಲೇ ಗೊತ್ತಾಗಬೇಕು ಅಂತ ನನ್ನ ಆಸೆ.

ಈಗ ಪ್ರಶ್ನೆ. ಗಣನೀಯ ಅಂದರೆ ಕನ್ನಡದಲ್ಲಿ ಗಮನಾರ್ಹ, ಹೆಚ್ಚಿನ ಅನ್ನೋ ಅರ್ಥ ಗಟ್ಟಿಯಾಗಿ ಕೂತಿದೆ, ಗಣನೀಯ ನಾಮಪದ ಅಂದರೆ ಮಕ್ಕಳು ನಕ್ಕಾರು. ಎಣಿಕೆಪದ ಅಂದರೆ ಒಂದು, ಎರಡು ಅನ್ನುವ ಸಂಖ್ಯಾವಾಚಕದ ಜೊತೆ ಗೊಂದಲ. ಎಣಿಸಬಹುದಾದ ನಾಮಪದ ಅನ್ನುವುದು ಉದ್ದವಾಯಿತು, ಮೇಲಾಗಿ ಕುರ್ಚಿ ಎಣಿಸಬಹುದಲ್ಲ, ಫರ್ನಿಚರ್ ಯಾಕೆ ಬೇಡ ಅನ್ನೋ ಪ್ರಶ್ನೆ ಮತ್ತೆ ಎದ್ದು ಕೂರುತ್ತದೆ. ಸದ್ಯಕ್ಕೆ ಬಿಡಿನಾಮ, ರಾಶಿನಾಮ ಅಂತ ಬರೆದಿಟ್ಟಿದ್ದೇನೆ. ಅಡ್ವೈಸ್‌ನಂಥದ್ದಕ್ಕೆ ರಾಶಿ ಹೊಂದುತ್ತದೆಯೇ? ಪಾಠ ಮಾಡುವವರು ತರಗತಿಯಲ್ಲಿ ಏನು ಬಳಸುತ್ತೀರಿ, ತಿಳಿಸಿ.