ಸೆಪ್ಟೆಂಬರಿನಲ್ಲಿ ಅರೂಬಾ: ಚಂಡಮಾರುತದ ಭಯ ಇದೆಯೇ?

ಬಯಲುಸೀಮೆ: ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ಐದು ದಿನ ಅರೂಬಾಕ್ಕೆ ಹೊರಟಿದ್ದೇವೆ, ಜೊತೆಗೆ ಇಬ್ಬರು ಚಿಕ್ಕ ಮಕ್ಕಳು. ಕೆರಿಬಿಯನ್‌ನಲ್ಲಿ ಅದು ಚಂಡಮಾರುತದ ಕಾಲವಲ್ಲವೇ? ನೀರು, ವೀಸಾ ವಿಚಾರವನ್ನೂ ತಿಳಿದವರು ಹೇಳಿ.

ಉಪ್ಪುಗಾಳಿ: ಚಂಡಮಾರುತಗಳ ಮಾಮೂಲಿ ದಾರಿಯಿಂದ ಅರೂಬಾ ದಕ್ಷಿಣಕ್ಕಿದೆ, ವೆನೆಜುವೆಲಾದ ಮಗ್ಗುಲಲ್ಲಿ. ನೇರ ಹೊಡೆತ ಬಹಳ ಅಪರೂಪ. ವರ್ಷದ ಮಳೆ 450 ಮಿ.ಮೀ. ಆಸುಪಾಸು, ನಮ್ಮ ಚಳ್ಳಕೆರೆ ಸೀಮೆ ಅನ್ನಿ. ಅಲ್ಲಿ ಹೆದರಬೇಕಾದ್ದು ಬಿಸಿಲಿಗೆ. ಪೂರ್ವದ ಗಾಳಿ ಸದಾ ಬೀಸುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿ, ಮಕ್ಕಳಿಗೆ ತುಂಬುತೋಳಿನ ಈಜುಡುಗೆ ಹಾಕಿ. ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಕೆಡುಕೆಂದು ಅಲ್ಲಿ 2020ರಿಂದ ನಿಷೇಧ. ಜಿಂಕ್ ಆಕ್ಸೈಡಿನದು ಒಯ್ಯಿರಿ. ನಲ್ಲಿ ನೀರು ಸಮುದ್ರದ ಉಪ್ಪು ತೆಗೆದದ್ದು, ಧಾರಾಳವಾಗಿ ಕುಡಿಯಬಹುದು. ಬಾಟಲಿಗೆ ದುಡ್ಡು ದಂಡ.

ಕಡಲಂಚು: ಈಜು ಪಶ್ಚಿಮದ ಈಗಲ್ ಬೀಚ್, ಪಾಮ್ ಬೀಚ್‌ಗಳಲ್ಲಿ. ಆಗ್ನೇಯ ತುದಿಯ ಬೇಬಿ ಬೀಚ್‌ನಲ್ಲಿ ನೀರು ಸೊಂಟದ ಮಟ್ಟ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಆದರೆ ಬಂಡೆಸಾಲಿನ ಬಾಯಿ ದಾಟಬೇಡಿ, ಸೆಳೆತವಿದೆ. ಗಾಳಿಗೆ ಎದುರಾದ ಈಶಾನ್ಯ ದಡದಲ್ಲಿ ಕಾಲು ಸಹ ಇಳಿಸಬೇಡಿ. ಸೆಪ್ಟೆಂಬರಿನಲ್ಲಿ ಗಾಳಿ ತುಸು ತಗ್ಗುತ್ತದೆ, ಸೊಳ್ಳೆ ಮುಲಾಮು ಇರಲಿ.

ಮುದ್ರೆಯೊತ್ತು: ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಅರೂಬಾ ವೀಸಾ ಬೇಡ, ಇಡಿ (ED) ಕಾರ್ಡ್ ಎಂಬ ಪ್ರವೇಶದ ಅರ್ಜಿ ಮಾತ್ರ ಆನ್‌ಲೈನ್‌ನಲ್ಲಿ ತುಂಬಬೇಕು. ಎಡವುವುದು ಹಿಂತಿರುಗುವಾಗ. ಎಚ್1ಬಿ (ಅಮೆರಿಕದ ಕೆಲಸದ ವೀಸಾ) ಇರುವವರ ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೆ ಕೆನಡಾ, ಮೆಕ್ಸಿಕೋಗೆ ಹೋಗಿಬರುವವರಿಗಿರುವಂತೆ ಹೊಸ ವೀಸಾ ಇಲ್ಲದೆ ಅಮೆರಿಕಕ್ಕೆ ಮರಳುವ ವಿನಾಯಿತಿ ಅರೂಬಾಕ್ಕಿಲ್ಲ. ಅಮೆರಿಕದ ವಲಸೆ ತಪಾಸಣೆ ಅರೂಬಾ ವಿಮಾನ ನಿಲ್ದಾಣದಲ್ಲೇ ನಡೆಯುತ್ತದೆ, ಮೂರು ಗಂಟೆ ಮೊದಲೇ ಹೋಗಿ.