ಸಹಾಯ ಬೇಕು: ಲೇಬಲ್ ಇಲ್ಲದ ಬಿಡಿ ಸಿಗಾರ್‌ಗಳನ್ನು ಗುರುತಿಸಲು

ಗೆಳೆಯರೇ, ಲೇಬಲ್ ಕಳಚಿಹೋದ ನಾಲ್ಕು ಸಿಗಾರ್‌ಗಳನ್ನು ವಿಂಗಡಿಸಬೇಕಿದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗಿದೆ. ಸಿಗಾರ್ ದಪ್ಪದ ಅಳತೆ ರಿಂಗ್ ಗೇಜ್; ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ, ದಪ್ಪವನ್ನು ಮಿ.ಮೀ.ನಲ್ಲಿ ಅಳೆದು 0.397ರಿಂದ ಭಾಗಿಸಿದರೆ ಗೇಜ್ ಸಿಗುತ್ತದೆ.

ಮೊದಲನೆಯದು 127 ಮಿ.ಮೀ. ಉದ್ದ, 19.8 ದಪ್ಪ. ಅಂದರೆ 5 ಇಂಚು, 50 ಗೇಜ್: ಈ ಅಳತೆಯ ಹೆಸರು ರೊಬುಸ್ಟೊ. ಎರಡನೆಯದು 7 ಇಂಚು, 47: ಚರ್ಚಿಲ್. ತೊಡಕಿರುವುದು ಉಳಿದೆರಡರಲ್ಲಿ.

ಮೂರನೆಯದರ ತಲೆ (ಬಾಯಿಗಿಡುವ ತುದಿ) ಚೂಪು, 156 ಮಿ.ಮೀ., ಬುಡದಲ್ಲಿ 52 ಗೇಜ್. ಬುಡದಿಂದಲೇ ಸಪೂರವಾಗುತ್ತ ಹೋದರೆ ಪಿರಮಿಡ್, ತಲೆಯ ಹತ್ತಿರ ಮಾತ್ರ ಚೂಪಾದರೆ ಟಾರ್ಪಿಡೊ ಅನ್ನುವುದು ವಾಡಿಕೆ, ಆದರೆ ತಯಾರಕರು ಎರಡನ್ನೂ ಬೆರೆಸಿಬಿಡುತ್ತಾರೆ. ಇದು ಮೇಲಿನ ಮೂರನೇ ಒಂದು ಭಾಗದಲ್ಲಿ ಸಪೂರವಾಗಿದೆ. ಏನೆಂದು ಬರೆಯಲಿ?

ನಾಲ್ಕನೆಯದರ ಹೊರ ಎಲೆ ಕಡುಗಪ್ಪು. ಮದುರೊ (ಗಾಢ ಕಂದು) ಬಣ್ಣ ದೀರ್ಘ ಹುದುಗುವಿಕೆಯಿಂದ ಬರುವುದರಿಂದ ಎಲೆಯಲ್ಲಿ ಮಚ್ಚೆ, ಏರಿಳಿತ ಕಾಣಬೇಕು. ಇದರಲ್ಲಿ ನರದ ಮೇಲೂ ಅಂಚಿನಲ್ಲೂ ಒಂದೇ ಕಪ್ಪು. ಒದ್ದೆ ಬಿಳಿ ಟಿಶ್ಯೂ ಒತ್ತಿದರೆ ದಟ್ಟ ಕಲೆ. ಮದುರೊ ಎಲೆಯೂ ತುಸು ಕಂದು ಬಿಡುತ್ತದೆ, ಅದಕ್ಕೇ ಗೊಂದಲ. ಬಣ್ಣ ಹಚ್ಚಿದ್ದೋ, ಮದುರೊಗಿಂತಲೂ ಕಪ್ಪಾದ ನಿಜವಾದ ಒಸ್ಕುರೊ ಎಲೆಯೋ? "ಕಪ್ಪಿದ್ದರೆ ಖಡಕ್" ಎಂಬ ಉತ್ತರ ದಯವಿಟ್ಟು ಬೇಡ. ಖಡಕ್ ಬರುವುದು ಹೆಚ್ಚಾಗಿ ಒಳಗೆ ತುಂಬುವ ಲಿಗೆರೊ, ಅಂದರೆ ಗಿಡದ ಮೇಲ್ಭಾಗದ ಎಲೆಯಿಂದ. ಹಗಲು ಬೆಳಕಿನ ಫೋಟೊ ಹಾಕಿದ್ದೇನೆ, ಬಲ್ಲವರು ನರಗಳನ್ನು ಹಿಗ್ಗಿಸಿ ನೋಡಿ ತಿಳಿಸಿ.