ಸಹಾಯ ಬೇಕು: ಕೆಜಿಎಫ್ ಕಿರುಚಿತ್ರಕ್ಕೆ ಹಳೇ ಕಾರ್ಬೈಡ್ ದೀಪ

ನಮಸ್ಕಾರ. ಕೋಲಾರದ ನಾವು ಆರು ಜನ ಗೆಳೆಯರು ಕಿರುಚಿತ್ರ ಮಾಡುತ್ತಿದ್ದೇವೆ. 1930ರಲ್ಲಿ ಕೆಜಿಎಫ್ ಗಣಿ ಕಾರ್ಮಿಕರು ಕಡ್ಡಾಯವಾಗಿ ಬೆರಳ ಗುರುತು ಕೊಡಬೇಕೆಂಬ ನಿಯಮದ ವಿರುದ್ಧ ಮುಷ್ಕರ ಹೂಡಿದ್ದರು ಅಲ್ವಾ, ಅದೇ ಕಥೆ. ಬಿಳಿಯರಿಗೆ ಬಂಗಲೆ, ಕ್ಲಬ್ಬು. ಚಿನ್ನ ಅಗೆದವರಿಗೆ ಬಿದಿರು ತಟ್ಟಿಯ ಲೈನ್ ಮನೆ.

ಈಗ ತುರ್ತಾಗಿ ಬೇಕಿರುವುದು ಹಿತ್ತಾಳೆಯ ಕಾರ್ಬೈಡ್ ದೀಪ. ಮೇಲಿನ ನೀರು ಕೆಳಗಿನ ಕಾರ್ಬೈಡ್ ಮೇಲೆ ತೊಟ್ಟಿಕ್ಕಿ ಗ್ಯಾಸ್ ಉರಿಯುತ್ತದಲ್ಲ, ಅಂಥದ್ದು. ನಮಗೆ ಸಿಕ್ಕ ಒಂದರ ತಿರುಪು ಸವೆದು ನೀರೆಲ್ಲ ನಟನ ಅಂಗಿ ಮೇಲೆ ಸುರಿಯಿತು! ಉರಿಯದಿದ್ದರೂ ಪರವಾಗಿಲ್ಲ, ನೋಡಲು ಹಳೆಯದಾಗಿರಲಿ. ಎರಡು ದಿನ ಕೊಟ್ಟರೆ ಸಾಕು, ನಾವೇ ಬಂದು ಒಯ್ದು ವಾಪಸ್ ತಂದುಕೊಡುತ್ತೇವೆ.

ಕೆಜಿಎಫ್‌ನ ಚಾಂಪಿಯನ್ ರೀಫ್, ಊರ್ಗಾಂ ಕಡೆಯ ಹಿರಿಯರು ಯಾರಾದರೂ ನಮ್ಮ ತಮಿಳು ಸಂಭಾಷಣೆ ತಿದ್ದಿಕೊಡುತ್ತೀರಾ? ಸುಮ್ನೆ ಸಿನಿಮಾ ತಮಿಳು ಆಗಿಬಿಟ್ಟಿದೆ. ಇನ್‌ಬಾಕ್ಸ್ ಮಾಡಿ ಪ್ಲೀಸ್.